ಒಲೆಗೂ ರಜಾ, ನಮಗೂ ರಜಾ

ರಜಾ ಎಂದರೆ ಮಕ್ಕಳಿಗೆ ರಜಾ, ಆಫೀಸಿಗೆ ರಜಾ. ಅಡಿಗೆಮನೆಗೆ ರಜಾ ಕೊಟ್ಟವರನ್ನು ನಾನಂತೂ ಕಂಡಿಲ್ಲ. ಇನ್ನು ಪ್ರವಾಸ ಹೊರಟರೆ ಹೆಂಗಸಿಗೆ ಕೆಲಸ ಎರಡರಷ್ಟು. ಹೊರಡುವ ಮುನ್ನ ಚಪಾತಿ ಲಟ್ಟಿಸಬೇಕು, ಹೋದ ಕಡೆ ಚೀಲ ಕಾಯಬೇಕು, ಬಂದ ಮೇಲೆ ರಾಶಿ ಬಟ್ಟೆ ಒಗೆಯಬೇಕು. "ಬೇಲೂರು ನೋಡಿದೀರಾ?" ಎಂದರೆ "ಹ್ಞೂಂ, ನೋಡಿದೀನಿ" ಎನ್ನುವ ಎಷ್ಟೋ ಗೃಹಿಣಿಯರು ನಿಜವಾಗಿ ನೋಡಿರುವುದು ಅಲ್ಲಿ ಚಪ್ಪಲಿ ಬಿಡುವ ಜಾಗವನ್ನು!

2024ರ ದಸರಾ ರಜೆಯಲ್ಲಿ, ಮೈಸೂರಿನ ಜಂಗುಳಿ ಕರಗಿದ ಮೇಲೆ, ತಿಪಟೂರಿನಿಂದ ನಮ್ಮ ಹಳೆಯ ಓಮ್ನಿಯಲ್ಲಿ ನಾಲ್ಕು ದಿನದ ಪ್ರವಾಸ ಹೊರಟೆವು. ನಾವಿಬ್ಬರು, ಪಿಯುಸಿ ಓದುವ ಮಗ, ಎಂಟನೇ ತರಗತಿಯ ಮಗಳು, ಎಪ್ಪತ್ತನಾಲ್ಕು ವರ್ಷದ ನಮ್ಮ ಅತ್ತೆ. ಮಗ ಮುಂದಿನ ವರ್ಷ ಓದಲು ಹೊರಗೆ ಹೋಗುವವನು. ಅತ್ತೆಗೆ ಮಂಡಿನೋವು ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಐದೂ ಜನ ಒಟ್ಟಿಗೆ ಹೋಗಲು ಮತ್ತೆ ಕಾಲ ಕೂಡಿಬರುತ್ತದೋ ಇಲ್ಲವೋ ಎಂದು ನಮ್ಮವರಿಗೂ ಅನ್ನಿಸಿತ್ತು. ನಾನು ಮೊದಲೇ ಎರಡು ಮಾತು ಹೇಳಿಬಿಟ್ಟೆ. ಒಂದು, ಬುತ್ತಿ ದಿನಕ್ಕೆ ಒಂದೇ ಹೊತ್ತಿಗೆ, ಮಿಕ್ಕಿದ್ದು ಹೋಟೆಲು. ಎರಡು, ಚೀಲ ಕಾಯುವ ಕೆಲಸ ಸರದಿಯ ಮೇಲೆ. ಇವರು ನಕ್ಕು "ಆಗಲಿ ಮಹರಾಯ್ತಿ" ಎಂದರು.

ಕಲ್ಲಿನ ಹೆಂಗಳೆಯರು

ಮೊದಲ ದಿನ ಹಳೇಬೀಡು, ಬೇಲೂರು. ಎರಡೂ ಊರಿಗೆ ನಡುವೆ ಹದಿನಾರು ಕಿಲೋಮೀಟರು, ಒಂದೇ ದಿನದಲ್ಲಿ ಆರಾಮವಾಗಿ ನೋಡಬಹುದು. ಹಳೇಬೀಡಿನ ಗೋಡೆಯ ತಳಸಾಲಿನಲ್ಲಿ ಆನೆಗಳು ಮೆರವಣಿಗೆ ಹೊರಟಿವೆ. ಒಂದರ ಹಾಗೆ ಇನ್ನೊಂದಿಲ್ಲ. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ತಗುಲಿದ ಹಾಗೆಲ್ಲಾ ಗಟ್ಟಿಯಾಗುತ್ತದೆ. ಅದಕ್ಕೇ ಚಕ್ಕುಲಿ ಸುತ್ತಿದಷ್ಟು ಸಲೀಸಾಗಿ ಬಳ್ಳಿ, ಮುತ್ತು, ಜಡೆಬಿಲ್ಲೆ ಎಲ್ಲಾ ಕಡೆದಿದ್ದಾರೆ.

ಬೇಲೂರಿನ ಚೆನ್ನಕೇಶವ ದೇವಾಲಯವನ್ನು 1117ರಲ್ಲಿ ಪ್ರತಿಷ್ಠೆ ಮಾಡಿಸಿದವನು ವಿಷ್ಣುವರ್ಧನ. ಅಲ್ಲಿ ನಲವತ್ತೆರಡು ಮದನಿಕೆಯರಿದ್ದಾರೆ. ಒಬ್ಬಳು ಕನ್ನಡಿ ನೋಡುತ್ತಾಳೆ, ಒಬ್ಬಳು ಗಿಣಿ ಮಾತಾಡಿಸುತ್ತಾಳೆ, ಒಬ್ಬಳು ಬೇಟೆಗೆ ಹೊರಟಿದ್ದಾಳೆ. ತಲೆಯೆತ್ತಿ ಒಬ್ಬೊಬ್ಬಳನ್ನೇ ನೋಡಿದ ಅತ್ತೆ, "ಒಬ್ಬಳ ಕೈಲೂ ಸೌಟು ಇಲ್ವಲ್ಲೇ! ಇವರಿಗೆಲ್ಲಾ ಅಡಿಗೆ ಮಾಡಿ ಹಾಕೋರು ಯಾರು?" ಎಂದರು. ಗೈಡ್ ಕೂಡ ನಕ್ಕುಬಿಟ್ಟರು.

ಬೇಲೂರು, ಹಳೇಬೀಡು, ಸೋಮನಾಥಪುರ ಈ ಮೂರು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಗೋಡೆಯ ಮೇಲೆ ಹೆಸರು ಗೀಚುವವರಿಗೆ ಈ ಸುದ್ದಿಯನ್ನು ಯಾರಾದರೂ ಮುಟ್ಟಿಸಬೇಕು.

ಬೆಟ್ಟದ ಕೆಳಗೆ

ಎರಡನೇ ದಿನ ಹಾಸನದಿಂದ ಬೆಳಕು ಹರಿಯುವಾಗಲೇ ಹೊರಟು ಶ್ರವಣಬೆಳಗೊಳ ಸೇರಿದೆವು. ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಲ್ಲೇ ಹತ್ತಬೇಕು. ಹತ್ತು ಗಂಟೆಯ ಮೇಲೆ ಬಂಡೆ ಕಾವಲಿಯ ಹಾಗೆ ಕಾಯುತ್ತದೆ. ವಯಸ್ಸಾದವರನ್ನು ಹೊತ್ತೊಯ್ಯಲು ಡೋಲಿ ಸಿಗುತ್ತದೆ. ಇವರು ಅದನ್ನೇ ಗೊತ್ತು ಮಾಡಲು ಹೋದರೆ, "ಬದುಕಿರುವಾಗಲೇ ನಾಲ್ಕು ಜನದ ಹೆಗಲ ಮೇಲೆ ಹೋಗಬೇಕೇನೋ? ಅದಕ್ಕಿನ್ನೂ ಟೈಮಿದೆ, ಬಿಡು" ಎಂದು ಅತ್ತೆ ಕಲ್ಯಾಣಿಯ ಹತ್ತಿರ ಕೂತುಬಿಟ್ಟರು.

ಅಭ್ಯಾಸಬಲ ನೋಡಿ, ನಾನೂ ಪಕ್ಕದಲ್ಲಿ ಕೂತೆ. ಆಗ ಅತ್ತೆ ಅಂದ ಮಾತು ನನಗೆ ಇಂದಿಗೂ ಕಿವಿಯಲ್ಲಿದೆ. "ಏಳೇ. ನಮ್ಮನೆಗೆ ಬಂದು ಇಪ್ಪತ್ತು ವರ್ಷವಾಯ್ತು. ಧರ್ಮಸ್ಥಳ, ತಿರುಪತಿ ಎಲ್ಲಿಗೆ ಹೋದರೂ ನನ್ನ ಜೊತೆ ಕೂತೇ ಇದೀಯ. ಇವತ್ತು ನನ್ನ ಮಗ ಕೂರ್ತಾನೆ. ನೀನು ಹತ್ತು, ನೋಡಿ ಬಂದು ನಂಗೆ ಹೇಳು." ಇವರು ತುಟಿಪಿಟಕ್ಕೆನ್ನದೆ ಚೀಲ ಇಸಿದುಕೊಂಡರು.

ಮಕ್ಕಳ ಜೊತೆ ಹತ್ತಿದೆ. ಮೂರು ಕಡೆ ಏದುಸಿರು ಬಿಡುತ್ತಾ ನಿಂತೆ. ಗಂಗರ ಮಂತ್ರಿ ಚಾವುಂಡರಾಯ 981ರ ಸುಮಾರಿಗೆ ಮಾಡಿಸಿದ ಐವತ್ತೆಂಟು ಅಡಿಯ ಏಕಶಿಲೆ ಅದು. ಕಾಲಬುಡದಲ್ಲಿ ಹುತ್ತ, ಮೈಮೇಲೆ ಹಬ್ಬಿದ ಬಳ್ಳಿ, ಮುಖದಲ್ಲಿ ಮಾತ್ರ ಆ ಶಾಂತಿ. ಎದುರಿಗೆ ಗುಳ್ಳಕಾಯಜ್ಜಿಯ ಪುಟ್ಟ ವಿಗ್ರಹ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಗೊಮ್ಮಟನ ಮೈ ಪೂರ್ತಿ ನೆನೆಯಲಿಲ್ಲವಂತೆ. ಬಡಮುದುಕಿಯೊಬ್ಬಳು ಗುಳ್ಳದ ಕಾಯಿಯ ಚಿಪ್ಪಿನಲ್ಲಿ ತಂದ ಒಂದು ಗುಟುಕು ಹಾಲಿಗೇ ಅಡಿಯವರೆಗೆ ನೆನೆಯಿತಂತೆ.

ಇಳಿದು ಬಂದಾಗ ಅತ್ತೆ ಮೊದಲು ಕೇಳಿದ್ದೇ "ಅಜ್ಜಿಯನ್ನ ನೋಡಿದೆಯಾ?" ಎಂದು. ಕಂಡದ್ದನ್ನೆಲ್ಲಾ ಒಂದೂ ಬಿಡದೆ ಹೇಳಿದೆ. ಕಣ್ಣು ಮುಚ್ಚಿ ಕೈಮುಗಿದರು.

ಕಾಡಿನ ಕಾನೂನು

ಮೂರನೇ ದಿನ ಮೈಸೂರಿನಿಂದ ಸೋಮನಾಥಪುರಕ್ಕೆ ಹೋಗಿಬಂದು, ನಂಜನಗೂಡಿನ ಮೇಲೆ ಗುಂಡ್ಲುಪೇಟೆ ಸೇರಿ ತಂಗಿದೆವು. ರಾತ್ರಿ ಬಂಡೀಪುರ ದಾಟುತ್ತೇವೆ ಎಂದುಕೊಂಡರೆ ಆಗುವುದಿಲ್ಲ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಕಾಡಿನ ಹೆದ್ದಾರಿಯಲ್ಲಿ ವಾಹನ ಬಿಡುವುದಿಲ್ಲ. ದೀಪದ ಬೆಳಕಿಗೆ ಕಣ್ಣು ಕಟ್ಟಿದಂತಾಗಿ ನಿಂತುಬಿಡುವ ಪ್ರಾಣಿಗಳು ಲಾರಿ, ಬಸ್ಸುಗಳಿಗೆ ಸಿಕ್ಕಿ ಸಾಯುತ್ತಿದ್ದವು. 1973ರಲ್ಲಿ ದೇಶದಲ್ಲಿ ಹುಲಿ ಯೋಜನೆ ಆರಂಭವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು.

ಬೆಳಿಗ್ಗೆ ರಸ್ತೆಬದಿಯಲ್ಲಿ ಕೋತಿಗಳನ್ನು ಕಂಡದ್ದೇ ಅತ್ತೆ ಬಾಳೆಹಣ್ಣಿನ ಚಿಪ್ಪಿಗೆ ಕೈಹಾಕಿದರು. ಹಸಿದ ಜೀವಕ್ಕೆ ಹಾಕಿದರೆ ಪುಣ್ಯ ಎಂದು ನಂಬಿ ಬಾಳಿದವರು. ಮಗಳು "ಬೇಡ ಅಜ್ಜಿ" ಎಂದರೆ ಮುಖ ಸಣ್ಣದಾಯಿತು. ಕೊನೆಗೆ ತಿಳಿಹೇಳಿದವರು ಚೆಕ್‌ಪೋಸ್ಟಿನ ಅರಣ್ಯ ರಕ್ಷಕರು. "ಅಜ್ಜಿ, ನೀವು ಹಣ್ಣು ಕೊಟ್ಟು ಹೋಗ್ತೀರ. ಅದು ನಾಳೆಯೂ ರಸ್ತೆಗೇ ಬಂದು ಕಾಯುತ್ತೆ. ಹಿಂದೆ ಬರೋ ಕಾರಿನವನಿಗೆ ಸಿಕ್ಕಿ ಸಾಯುತ್ತೆ. ಕಾಡೇ ಅವಕ್ಕೆ ಊಟ ಇಟ್ಟಿದೆ." ಅತ್ತೆ ಒಂದು ನಿಮಿಷ ಸುಮ್ಮನಿದ್ದು ಹಣ್ಣನ್ನು ಮೊಮ್ಮಕ್ಕಳಿಗೆ ಹಂಚಿದರು. ಸಿಪ್ಪೆಯನ್ನು ಮಾತ್ರ ತಾವೇ ಇಸಿದುಕೊಂಡು ಚೀಲಕ್ಕೆ ಹಾಕಿಕೊಂಡರು.

ಇಲಾಖೆಯ ಬಸ್ಸಿನಲ್ಲಿ ಸಫಾರಿ ಹೋದೆವು. ಹುಲಿ ಕಾಣಲಿಲ್ಲ. ಚುಕ್ಕೆಜಿಂಕೆ, ಕಾಟಿ, ನವಿಲು ಕಂಡವು. ಕೆರೆಯ ಬಳಿ ಮರಿಗಳನ್ನು ನಡುವೆ ಹಾಕಿಕೊಂಡ ಆನೆಯ ಹಿಂಡೂ ಸಿಕ್ಕಿತು. ಹಿಂಡನ್ನು ನಡೆಸುವುದು ವಯಸ್ಸಾದ ಹೆಣ್ಣಾನೆ, ನೀರೆಲ್ಲಿ, ಮೇವೆಲ್ಲಿ ಎಂಬ ನೆನಪು ಅದಕ್ಕೇ ಎಂದು ಡ್ರೈವರ್ ಹೇಳಿದಾಗ, ಅತ್ತೆ ನನ್ನ ಕಡೆ ತಿರುಗಿ "ಕೇಳಿಸ್ಕೊಂಡೆಯಾ?" ಎಂದರು!

ಹೊರಡುವವರಿಗೆ ನಾಲ್ಕು ಮಾತು

* ಬುತ್ತಿಗೆ ಮೊದಲ ದಿನ ಚಪಾತಿ, ಒಣಪಲ್ಯ. ಪುಳಿಯೋಗರೆ ಗೊಜ್ಜು ಕುದಿಸಿ ಒಯ್ದರೆ ಎಲ್ಲಿಯಾದರೂ ಬಿಸಿ ಅನ್ನ ಕೊಂಡು ಕಲಸಿಕೊಳ್ಳಬಹುದು. ಒಗ್ಗರಣೆಗೆ ಎಣ್ಣೆ ಧಾರಾಳವಾಗಿರಲಿ, ನೀರು ಸೋಕಿಸಬೇಡಿ. ಹುರಿದ ಅವಲಕ್ಕಿ, ಚಟ್ನಿಪುಡಿ ಜೊತೆಗಿರಲಿ.
* ವಯಸ್ಸಾದವರ ಮಾತ್ರೆ, ಮುಲಾಮು ಕೈಚೀಲದಲ್ಲೇ ಇರಲಿ. ಡಿಕ್ಕಿಯ ತಳಕ್ಕೆ ಸೇರಿದರೆ ಸಿಕ್ಕುವುದಿಲ್ಲ. ಕಾಲಿಗೆ ಹಳೆಯ ಕಾಲುಚೀಲ ಒಯ್ಯಿರಿ, ಬಿಸಿ ಕಲ್ಲಿಗೆ ಅನುಕೂಲ.
* ಶೌಚಾಲಯ ಸ್ವಚ್ಛವಾಗಿರುವ ಪೆಟ್ರೋಲ್ ಬಂಕ್ ಅಥವಾ ಹೋಟೆಲ್ ಕಂಡಲ್ಲಿ ನಿಲ್ಲಿಸಿ. ಅದಕ್ಕೆ ಹೆದರಿ ನೀರು ಕುಡಿಯದೆ ಕೂರುವುದು ನಮ್ಮ ಹೆಂಗಸರ ಕೆಟ್ಟ ಚಾಳಿ.
* 2025ರ ನವೆಂಬರಿನಲ್ಲಿ, ಕಾಡಂಚಿನ ಹಳ್ಳಿಗರ ಮೇಲೆ ಹುಲಿ ದಾಳಿಗಳಾದ ಮೇಲೆ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿ ನಿಲ್ಲಿಸಲಾಗಿತ್ತು. ಆದ್ದರಿಂದ ಹೊರಡುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ.
* ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಬೇಡಿ, ಇಳಿಯಬೇಡಿ, ಒಂದು ಕಾಗದದ ಚೂರನ್ನೂ ಎಸೆಯಬೇಡಿ.

ಕೊನೆಯದಾಗಿ, ಚೀಲ ಕಾಯುವ ಸರದಿಯನ್ನು ಮನೆಯಲ್ಲೇ ಗೊತ್ತು ಮಾಡಿಕೊಂಡು ಹೊರಡಿ. ಗಂಡಸರು ಚೀಲವನ್ನು ಬಹಳ ಚೆನ್ನಾಗಿ ಕಾಯುತ್ತಾರೆ, ಕಣ್ಣಾರೆ ಕಂಡು ಹೇಳುತ್ತಿದ್ದೇನೆ.