ಗಾಲಿಯ ಮೇಲಿನ ಕ್ಯಾಮೆರಾ

ಸ್ಕೇಟ್‌ಬೋರ್ಡಿನ ಮೇಲೆ ಹುಡುಗನೊಬ್ಬ ಹತ್ತಾರು ಮೆಟ್ಟಿಲು ಹಾರಿ ಇಳಿಯುವ ವಿಡಿಯೊವನ್ನು ನಾವೆಲ್ಲ ಫೋನಿನಲ್ಲಿ ನೋಡಿರುತ್ತೇವೆ. ಅದನ್ನು ತೆಗೆದವನ ಬಗ್ಗೆ ಯೋಚಿಸುವುದು ಕಡಿಮೆ. ಎಷ್ಟೋ ಸಲ ಅವನೂ ಒಂದು ಬೋರ್ಡಿನ ಮೇಲೆ, ಆ ಹುಡುಗನ ಪಕ್ಕದಲ್ಲೇ, ಅಷ್ಟೇ ವೇಗದಲ್ಲಿ ಸಾಗುತ್ತಿರುತ್ತಾನೆ. ಮೊಣಕಾಲು ಬಗ್ಗಿರುತ್ತದೆ, ಕ್ಯಾಮೆರಾ ನೆಲದಿಂದ ಗೇಣು ಮೇಲಿರುತ್ತದೆ, ಕಣ್ಣು ಗೆಳೆಯನ ಕಾಲ ಮೇಲೆ. ತನ್ನ ದಾರಿಯ ಬಿರುಕು, ಜಲ್ಲಿಕಲ್ಲುಗಳನ್ನು ಪಾದದಿಂದಲೇ ತಿಳಿಯಬೇಕು. ಸ್ಕೇಟರ್‌ಗಳು ಅವನನ್ನು ‘ಫಿಲ್ಮರ್’ ಎಂದು ಕರೆಯುತ್ತಾರೆ.

ಈ ಕಸುಬು ಕಲಿತು ಆಸ್ಕರ್ ಅಂಗಳದವರೆಗೆ ಹೋದವರು ಬಿಂಗ್ ಲಿಯು. ಅವರ ಮೊದಲ ಪೂರ್ಣಾವಧಿ ಸಾಕ್ಷ್ಯಚಿತ್ರ ‘ಮೈಂಡಿಂಗ್ ದ ಗ್ಯಾಪ್’ 2018ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ ಪಡೆದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಮರುವರ್ಷ ಆಸ್ಕರ್‌ಗೆ ನಾಮನಿರ್ದೇಶನವೂ ಆಯಿತು. ಪ್ರಶಸ್ತಿ ‘ಫ್ರೀ ಸೋಲೊ’ಗೆ ಹೋಯಿತು, ಇರಲಿ. ಸ್ಕೇಟ್‌ಬೋರ್ಡ್ ಎಂದರೆ ಏನೆಂದೇ ತಿಳಿಯದವರನ್ನೂ ಹಿಡಿದು ಕೂರಿಸುವ ಚಿತ್ರ ಅದು.

ಫಿಲ್ಮರ್‌ಗಳ ಪರಂಪರೆ ಹಳೆಯದು. ಸ್ವತಃ ಹೆಸರಾಂತ ಸ್ಕೇಟರ್ ಆಗಿದ್ದ ಸ್ಟೇಸಿ ಪೆರಾಲ್ಟಾ 1984ರಲ್ಲಿ ತಮ್ಮ ಕಂಪನಿಯ ಬೋರ್ಡುಗಳ ಪ್ರಚಾರಕ್ಕಾಗಿ ‘ಬೋನ್ಸ್ ಬ್ರಿಗೇಡ್ ವಿಡಿಯೊ ಶೋ’ ಎಂಬ ಕ್ಯಾಸೆಟ್ ತಂದರು. 1991ರಲ್ಲಿ ‘ವಿಡಿಯೊ ಡೇಸ್’ ಎಂಬ ಸ್ಕೇಟ್ ವಿಡಿಯೊ ಮಾಡಿದ ಸ್ಪೈಕ್ ಜೋಂಜ್, 1999ರಲ್ಲಿ ‘ಬೀಯಿಂಗ್ ಜಾನ್ ಮಾಲ್ಕೊವಿಚ್’ ಮೂಲಕ ಹಾಲಿವುಡ್ಡಿನ ಹೊಸ ದನಿಯಾದರು. 1995ರಲ್ಲಿ ಸೋನಿ ಕಂಪನಿಯ ವಿಎಕ್ಸ್1000 ಕ್ಯಾಮೆರಾ ಬಂದ ಮೇಲಂತೂ ಈ ಕಸುಬಿಗೆ ತನ್ನದೇ ಆಯುಧ ಸಿಕ್ಕಂತಾಯಿತು. ಅದರ ನೆತ್ತಿಯ ಮೇಲೊಂದು ಹಿಡಿ ಇತ್ತು. ನೀರಿನ ಕೊಡದಂತೆ ಕೈಯಲ್ಲಿ ತೂಗಿಸಿಕೊಂಡು ನೆಲಮಟ್ಟದಲ್ಲೇ ಚಿತ್ರೀಕರಿಸಬಹುದಿತ್ತು. ಮುಂದೆ ದುಂಡನೆಯ ಫಿಶ್‌ಐ ಲೆನ್ಸ್. ಈ ಲೆನ್ಸಿನಲ್ಲಿ ಎಲ್ಲವೂ ದೂರ ಸರಿದಂತೆ ಕಾಣುವುದರಿಂದ ಫಿಲ್ಮರ್ ಹಾರುವವನಿಗೆ ತೀರಾ ಹತ್ತಿರ, ಬೋರ್ಡು ಬಂದು ಗಾಜಿಗೆ ಬಡಿಯುವಷ್ಟು ಹತ್ತಿರ ಹೋಗಲೇಬೇಕು. ತನ್ನ ಬೋರ್ಡಿಗೆ ಅವನು ಮೆತ್ತನೆಯ, ತುಸು ದೊಡ್ಡ ಗಾಲಿ ಹಾಕಿಕೊಳ್ಳುತ್ತಾನೆ. ಆಗ ಕ್ಯಾಮೆರಾ ಅಷ್ಟಾಗಿ ನಡುಗುವುದಿಲ್ಲ, ಗೆಳೆಯನ ಗಾಲಿಯ ಸದ್ದು ಮಾತ್ರ ದಾಖಲಾಗುತ್ತದೆ.

ಇನ್ನೊಂದು ವಿಷಯವಿದೆ. ಒಂದು ಟ್ರಿಕ್ ಕೂಡಿಬರುವ ಮುನ್ನ ಸ್ಕೇಟರ್ ಹತ್ತಾರು ಸಲ, ಕೆಲವೊಮ್ಮೆ ದಿನವಿಡೀ ಬೀಳುತ್ತಾನೆ. ಪ್ರತಿ ಸಲವೂ ಫಿಲ್ಮರ್ ಮತ್ತೆ ಹಿಂದಕ್ಕೆ ಹೋಗಿ, ಮತ್ತೆ ಅದೇ ವೇಗ ಹಿಡಿದು ಜೊತೆಗೆ ಬರಬೇಕು. ಸೋಲನ್ನೆಲ್ಲ ಪಕ್ಕದಲ್ಲಿದ್ದು ನೋಡುವವನು ಅವನೊಬ್ಬನೇ. ಲಿಯು ಅವರ ಚಿತ್ರದ ಶಕ್ತಿ ಇರುವುದು ಈ ಜೊತೆಗಾರಿಕೆಯಲ್ಲಿ ಎಂದು ನನಗನ್ನಿಸುತ್ತದೆ.

ಲಿಯು ಹುಟ್ಟಿದ್ದು ಚೀನಾದಲ್ಲಿ. ಚಿಕ್ಕಂದಿನಲ್ಲೇ ತಾಯಿಯೊಂದಿಗೆ ಅಮೆರಿಕಕ್ಕೆ ಬಂದು ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನಲ್ಲಿ ಬೆಳೆದರು. ಒಂದು ಕಾಲಕ್ಕೆ ಕಾರ್ಖಾನೆಗಳಿಂದ ತುಂಬಿದ್ದು, ಅವು ಮುಚ್ಚುತ್ತ ಬಂದಂತೆ ಸೊರಗಿದ ಊರು. ಮನೆಯಲ್ಲಿ ಮಲತಂದೆಯ ಹೊಡೆತ. ಬೀದಿಯಲ್ಲಿ ಬೋರ್ಡು, ಗೆಳೆಯರು, ಕ್ಯಾಮೆರಾ. ಮುಂದೆ ಷಿಕಾಗೊದಲ್ಲಿ ಸಾಹಿತ್ಯ ಓದಿ, ಚಿತ್ರೀಕರಣ ತಂಡಗಳಲ್ಲಿ ಕ್ಯಾಮೆರಾ ವಿಭಾಗದ ಕೆಲಸ ಮಾಡಿದರು. ಬೇರೆ ಬೇರೆ ಊರುಗಳ ಸ್ಕೇಟರ್‌ಗಳನ್ನು ಮಾತಾಡಿಸಿ ಚಿತ್ರ ಮಾಡುವುದು ಅವರ ಮೊದಲ ಆಲೋಚನೆಯಾಗಿತ್ತು. ‘ಹೂಪ್ ಡ್ರೀಮ್ಸ್’ ಸಾಕ್ಷ್ಯಚಿತ್ರ ನಿರ್ಮಿಸಿದ ಕಾರ್ಟೆಮ್‌ಕ್ವಿನ್ ಸಂಸ್ಥೆಯ ಆಸರೆ ಸಿಕ್ಕ ಮೇಲೆ ಅದು ರಾಕ್‌ಫರ್ಡಿನ ಇಬ್ಬರು ಗೆಳೆಯರ ಮೇಲೆ ನೆಲೆಗೊಂಡಿತು: ಹೋಟೆಲಿನಲ್ಲಿ ತಟ್ಟೆ ತೊಳೆಯುವ ಕಪ್ಪು ವರ್ಣೀಯ ಹುಡುಗ ಕಿಯರ್ ಜಾನ್ಸನ್, ಮನೆಗಳ ಛಾವಣಿ ಹೊದಿಸುವ ಝ್ಯಾಕ್ ಮಲ್ಲಿಗನ್. ಹದಿಹರೆಯದಲ್ಲಿ ತೆಗೆದ ಹಳೆಯ ತುಣುಕುಗಳೂ ಸೇರಿ ಹನ್ನೆರಡು ವರ್ಷಗಳಷ್ಟು ಕಾಲ ಇದರಲ್ಲಿ ಹರಡಿಕೊಂಡಿದೆ.

ಚಿತ್ರದ ಆರಂಭದಲ್ಲೇ ಗೆಳೆಯರು ಬೆಳಗಿನ ಖಾಲಿ ಬೀದಿಗಳಲ್ಲಿ ಬೋರ್ಡಿನ ಮೇಲೆ ಇಳಿದುಹೋಗುವ ದೀರ್ಘ ದೃಶ್ಯವಿದೆ. ಇಲ್ಲಿ ಹಾರಾಟದ ಚಮತ್ಕಾರ ಹೆಚ್ಚಿಲ್ಲ. ಕ್ಯಾಮೆರಾ ಅವರ ಬೆನ್ನ ಹಿಂದೆ, ಪಕ್ಕದಲ್ಲಿ, ತಿರುವಿನಲ್ಲಿ ವಾಲಿಕೊಂಡು ನುಣ್ಣಗೆ ಸಾಗುತ್ತದೆ. ಕಾರಿನಲ್ಲಿ ಕೂತು ತೆಗೆದಿದ್ದರೆ ಈ ವಾಲಿಕೆ ಬರುತ್ತಿರಲಿಲ್ಲ. ಗೆಳೆಯರು ಮೈ ಬಾಗಿಸುವಲ್ಲಿ ಹಿಂದಿರುವವನೂ ಬಾಗಿಸಿದ್ದಾನೆ.

ಇದೇ ಸಾಮೀಪ್ಯ ಮುಂದೆ ಇಕ್ಕಟ್ಟಾಗುತ್ತದೆ. ಝ್ಯಾಕ್‌ಗೆ ಗೆಳತಿ ನೀನಾಳಿಂದ ಮಗು ಹುಟ್ಟುತ್ತದೆ, ಜಗಳಗಳು ಶುರುವಾಗುತ್ತವೆ. ಅವನು ತನಗೆ ಹೊಡೆದಿದ್ದಾನೆಂದು ನೀನಾ ಕ್ಯಾಮೆರಾದೆದುರು ಹೇಳುತ್ತಾಳೆ. ಕೇಳುತ್ತಿರುವವನು ಸ್ವತಃ ಹೊಡೆತ ತಿಂದು ಬೆಳೆದವನು, ಝ್ಯಾಕ್‌ನ ಗೆಳೆಯ ಬೇರೆ. ಈ ಬಗ್ಗೆ ಝ್ಯಾಕ್‌ನೊಂದಿಗೆ ಮಾತಾಡಲೇ ಎಂದು ಲಿಯು ಅವಳನ್ನೇ ಕೇಳುತ್ತಾರೆ. ಆ ಒಂದು ಪ್ರಶ್ನೆಯಲ್ಲಿ ಅವರ ಹೊಣೆಗಾರಿಕೆಯೆಲ್ಲ ಇದೆ. ಗೆಳೆತನದ ಹೆಸರಿನಲ್ಲಿ ಮುಚ್ಚಿಡುವುದಿಲ್ಲ, ಚಿತ್ರ ರೋಚಕವಾಗಲೆಂದು ಅವಳನ್ನು ಅಪಾಯಕ್ಕೆ ತಳ್ಳುವುದೂ ಇಲ್ಲ. ಝ್ಯಾಕ್‌ನನ್ನು ಖಳನಾಗಿಸಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಅವನ ನಗು, ಕುಡಿತ, ಮಗುವಿನ ಮೇಲಿನ ಅಕ್ಕರೆ, ತನ್ನ ಬಗ್ಗೆಯೇ ಇರುವ ಅಸಹ್ಯ ಎಲ್ಲವನ್ನೂ ಚಿತ್ರ ಉಳಿಸಿಕೊಂಡಿದೆ.

ಕಿಯರ್‌ನ ಕಥೆ ಬೇರೆ ದಿಕ್ಕಿನದು. ತಂದೆಯ ಹೊಡೆತವನ್ನು ಅವನು ಮರೆತಿಲ್ಲ, ತೀರಿಹೋದ ಆ ತಂದೆಯ ಮೇಲಿನ ಪ್ರೀತಿಯನ್ನೂ ಬಿಟ್ಟಿಲ್ಲ. ಸ್ಮಶಾನದಲ್ಲಿ ತಂದೆಯ ಸಮಾಧಿ ಹುಡುಕುತ್ತ ಅವನು ಅತ್ತುಬಿಡುವಾಗ, ಬಾಲ್ಯದ ಗೆಳೆಯನಲ್ಲದೆ ಬೇರೆ ಯಾರ ಕ್ಯಾಮೆರಾ ಅಲ್ಲಿರಲು ಸಾಧ್ಯವಿತ್ತು?

ಕೊನೆಗೆ ಲಿಯು ತಾಯಿಯನ್ನು ಕೂರಿಸಿ ಪ್ರಶ್ನೆ ಕೇಳುತ್ತಾರೆ. ದೀಪಗಳನ್ನು ಜೋಡಿಸುವುದನ್ನೂ ಚಿತ್ರ ತೋರಿಸುತ್ತದೆ. ಒಂದು ಕ್ಯಾಮೆರಾ ತಾಯಿಯ ಮೇಲೆ, ಇನ್ನೊಂದು ಅವರದೇ ಮುಖದ ಮೇಲೆ. ಅಷ್ಟು ವರ್ಷ ಚೌಕಟ್ಟಿನ ಹೊರಗಿದ್ದ ಫಿಲ್ಮರ್ ಒಳಗೆ ಬಂದಿದ್ದಾನೆ. ಮಲತಂದೆ ಹೊಡೆಯುತ್ತಿದ್ದುದರ ಬಗ್ಗೆ ಮಗ ಕೇಳುತ್ತಾನೆ, ತಾಯಿ ಉತ್ತರ ಹುಡುಕುತ್ತ ಅಳುತ್ತಾಳೆ, ಮಗ ತಲೆ ತಗ್ಗಿಸುತ್ತಾನೆ. ಗೆಳೆಯರನ್ನು ಕೇಳಿದ್ದನ್ನು ತನ್ನ ಮನೆಯಲ್ಲೂ ಕೇಳಿದ್ದರಿಂದಲೇ ಚಿತ್ರಕ್ಕೆ ಆ ಪ್ರಾಮಾಣಿಕತೆ ಬಂದಿದೆ.

ನಮ್ಮ ಬೆಂಗಳೂರಿನಲ್ಲೂ ಹೋಲಿಸ್ಟೋಕ್ಡ್ ಎಂಬ ಸ್ಕೇಟರ್‌ಗಳ ಬಳಗ ತಾನೇ ನಿಂತು ಕಾಂಕ್ರೀಟ್ ಹಾಕಿ ಸ್ಕೇಟ್‌ಪಾರ್ಕ್‌ಗಳನ್ನು ಕಟ್ಟಿದೆ. ಬೋರ್ಡು ಹಿಡಿದ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಈ ಚಿತ್ರ ತೋರಿಸಬೇಕೆಂಬುದು ನನ್ನ ಆಸೆ. ಲಿಯು ಮುಂದೆ ಜಾಶುವಾ ಆಲ್ಟ್‌ಮನ್ ಜೊತೆಗೂಡಿ ಷಿಕಾಗೊದ ಗುಂಡಿನ ಹಿಂಸೆಯ ನಡುವೆ ಬದುಕುವ ಯುವಕರ ಕುರಿತು ‘ಆಲ್ ದೀಸ್ ಸನ್ಸ್’ ಮಾಡಿದರು. 2025ರಲ್ಲಿ ಬಂದ ‘ಪ್ರಿಪರೇಷನ್ ಫಾರ್ ದ ನೆಕ್ಸ್ಟ್ ಲೈಫ್’ ಅವರ ಮೊದಲ ಕಥಾಚಿತ್ರ: ನ್ಯೂಯಾರ್ಕಿಗೆ ವಲಸೆ ಬಂದ ಉಯ್ಗರ್ ಯುವತಿ ಮತ್ತು ಯುದ್ಧದಿಂದ ಮರಳಿದ ಸೈನಿಕನ ಪ್ರೇಮದ ಕಥೆ.