ಐಸಿಯುನಿಂದ ಮನೆಗೆ ಬಂದ ಮೇಲೆ: ತಪ್ಪು ಕಲ್ಪನೆ ಮತ್ತು ಸತ್ಯ

ತೀವ್ರ ನಿಗಾ ಘಟಕದಲ್ಲಿ ಬದುಕುಳಿದವರನ್ನು ತಿಂಗಳುಗಟ್ಟಲೆ, ಕೆಲವರನ್ನು ವರ್ಷಗಟ್ಟಲೆ ಕಾಡುವ ತೊಂದರೆಗಳಿಗೆ ಒಟ್ಟಾಗಿ ‘ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್’ ಎಂಬ ಹೆಸರಿದೆ. ಮೈಯ ನಿಶ್ಶಕ್ತಿ, ಮರೆವು, ಮನಸ್ಸಿನ ಕಳವಳ ಮೂರೂ ಇದರಲ್ಲಿ ಸೇರಿವೆ. ಅಮೆರಿಕದಲ್ಲಿ 2010ರಲ್ಲಿ ನಡೆದ ತಜ್ಞರ ಸಭೆಯಲ್ಲಿ ರೂಪುಗೊಂಡ ಈ ಹೆಸರು 2012ರಲ್ಲಿ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು.

ಡಿಸ್ಚಾರ್ಜ್ ಆಯಿತೆಂದರೆ ಕಾಯಿಲೆ ಮುಗಿಯಿತು ಎಂಬುದು ಎಲ್ಲಕ್ಕಿಂತ ವ್ಯಾಪಕವಾದ ನಂಬಿಕೆ. ಕೆನಡಾದ ಟೊರಾಂಟೊದಲ್ಲಿ, ಶ್ವಾಸಕೋಶದ ತೀವ್ರ ವೈಫಲ್ಯದಿಂದ ಪಾರಾದ 109 ಜನರನ್ನು ವರ್ಷಗಳ ಕಾಲ ಗಮನಿಸಲಾಯಿತು. ಅವರಲ್ಲಿ ಹೆಚ್ಚಿನವರು ವಯಸ್ಸಾದವರಲ್ಲ, ದುಡಿಯುವ ಪ್ರಾಯದವರು. ಒಂದು ವರ್ಷ ಕಳೆದರೂ ಅರ್ಧದಷ್ಟು ಮಂದಿಗೆ ಕೆಲಸಕ್ಕೆ ಮರಳಲು ಆಗಿರಲಿಲ್ಲ. ಐದು ವರ್ಷದ ಹೊತ್ತಿಗೆ ಶ್ವಾಸಕೋಶ ಬಹುಮಟ್ಟಿಗೆ ಸುಧಾರಿಸಿದ್ದರೂ ನಡಿಗೆಯ ಶಕ್ತಿ ಪೂರ್ತಿ ಮರಳಿರಲಿಲ್ಲ. ‘ರಿಪೋರ್ಟ್ ಎಲ್ಲ ನಾರ್ಮಲ್, ಸುಮ್ಮನೆ ಸುಸ್ತು ಅಂತಾರೆ’ ಎಂದು ಮನೆಯವರು ಗೊಣಗುವುದು ರೋಗಿಗೆ ಮಾಡುವ ಅನ್ಯಾಯ.

‘ಅಲುಗಾಡದೆ ಮಲಗಿದರೆ ಬೇಗ ಚೇತರಿಕೆ’ ಎಂಬ ನಂಬಿಕೆ ಪ್ರೀತಿಯಿಂದಲೇ ಹುಟ್ಟಿದ್ದು, ಆದರೆ ಹಾನಿ ಮಾಡುವುದೂ ಅದೇ. ತೀವ್ರ ಕಾಯಿಲೆಯಲ್ಲಿ ಮೊದಲ ಹತ್ತೇ ದಿನಗಳಲ್ಲಿ ತೊಡೆಯ ಸ್ನಾಯುವಿನ ಗಾತ್ರ ಸರಾಸರಿ 18% ಕುಗ್ಗುತ್ತದೆಂದು 2013ರ ಬ್ರಿಟನ್ನಿನ ಅಧ್ಯಯನ ಅಳೆದು ತೋರಿಸಿತು. ಮನೆಯಲ್ಲೂ ಮಲಗಿಯೇ ಇದ್ದರೆ ಆ ನಷ್ಟ ತುಂಬುವುದಿಲ್ಲ. ವೆಂಟಿಲೇಟರ್‌ನಲ್ಲಿದ್ದ 104 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ 2009ರ ಪ್ರಯೋಗದಲ್ಲಿ, ಬೇಗನೆ ವ್ಯಾಯಾಮ ಆರಂಭಿಸಿದ ಗುಂಪಿನ 59% ಜನ ಆಸ್ಪತ್ರೆ ಬಿಡುವಾಗ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರಾಗಿದ್ದರು. ಇನ್ನೊಂದು ಗುಂಪಿನಲ್ಲಿ ಅಂಥವರು 35% ಮಾತ್ರ. ಹಾಗೆಂದು ಅವಸರವೂ ಸಲ್ಲದು: ಐಸಿಯುನಲ್ಲಿ ವಾಡಿಕೆಗಿಂತ ಹೆಚ್ಚು ಓಡಾಡಿಸಿದ್ದರಿಂದ ಹೆಚ್ಚಿನ ಲಾಭವಾಗಲಿಲ್ಲ, ಅಪಾಯಗಳೇ ಹೆಚ್ಚಿದವು ಎಂದು 2022ರ ದೊಡ್ಡ ಪ್ರಯೋಗವೊಂದು ಕಂಡುಕೊಂಡಿತು. ಎಷ್ಟು, ಯಾವಾಗ ಎಂಬುದನ್ನು ಫಿಸಿಯೋಥೆರಪಿಸ್ಟ್ ನಿರ್ಧರಿಸಬೇಕು. ಮನೆಯಲ್ಲಿ ಕುರ್ಚಿಯಲ್ಲಿ ಕೂತು ಊಟ ಮಾಡುವುದು, ಕುರ್ಚಿಯಿಂದ ಏಳುವುದು ಕೂರುವುದು, ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ, ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುವುದು ಇವೆಲ್ಲ ಚಿಕಿತ್ಸೆಯೇ. ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಪಥ್ಯದ ವಿಷಯದಲ್ಲೂ ಎಡವುವುದು ಹೆಚ್ಚು. ವಾರಗಟ್ಟಲೆ ಬರೀ ಗಂಜಿ ಕೊಟ್ಟರೆ ಕರಗಿದ ಸ್ನಾಯು ಮರಳಿ ಬೆಳೆಯಲು ಬೇಕಾದ ಪ್ರೋಟೀನ್ ಸಿಗುವುದಿಲ್ಲ. ಬೇಳೆ, ಕಾಳು, ಮೊಟ್ಟೆ, ಮೊಸರು, ಮೀನು ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಬೇಕು. ಮೂತ್ರಪಿಂಡದ ತೊಂದರೆ ಇದ್ದವರ ಪ್ರಮಾಣ ಮಾತ್ರ ವೈದ್ಯರೇ ಹೇಳಬೇಕು. ‘ನೀರಾಗಿದ್ದರೆ ಗಂಟಲಿಗೆ ಸಲೀಸು’ ಎಂಬ ಭಾವನೆಯೂ ಎಲ್ಲರಿಗೆ ಹೊಂದದು. ಉಸಿರಾಟದ ನಳಿಗೆ ಹಾಕಿದ್ದವರಲ್ಲಿ ನುಂಗುವ ಕ್ರಿಯೆ ದುರ್ಬಲವಾಗಿರಬಹುದು. ಆಗ ನೀರು, ತಿಳಿಸಾರುಗಳೇ ಶ್ವಾಸನಾಳಕ್ಕೆ ಇಳಿಯುವ ಸಂಭವ ಹೆಚ್ಚು. ಕುಡಿಯುವಾಗ ಕೆಮ್ಮು ಬಂದರೆ, ದನಿ ಗೊರಗೊರ ಎಂದರೆ ನುಂಗುವಿಕೆಯ ಪರೀಕ್ಷೆ ಅಗತ್ಯ. ತೀವ್ರ ಕಾಯಿಲೆಯಾದ ಎರಡು ಮೂರು ತಿಂಗಳ ಬಳಿಕ ಕೂದಲು ಉದುರಿದರೂ ಹೆದರಬೇಕಿಲ್ಲ, ಸಾಮಾನ್ಯವಾಗಿ ಅದು ಮತ್ತೆ ಬೆಳೆಯುತ್ತದೆ.

ಆಸ್ಪತ್ರೆಯಲ್ಲಿ ಅಸಂಬದ್ಧವಾಗಿ ಮಾತಾಡಿದವರನ್ನು ‘ಗಾಳಿ ಸೋಕಿದೆ’, ‘ತಲೆ ಕೆಟ್ಟಿದೆ’ ಎನ್ನುವುದುಂಟು. ಅದು ಸೋಂಕು, ಔಷಧ, ನಿದ್ರೆಗೇಡುಗಳಿಂದ ಮಿದುಳಿಗೆ ಆಗುವ ಸನ್ನಿ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 821 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 74% ಮಂದಿಗೆ ಅದು ತಗುಲಿತ್ತು. ಮೂರು ತಿಂಗಳ ನಂತರ ಪರೀಕ್ಷಿಸಿದಾಗ ಹತ್ತರಲ್ಲಿ ನಾಲ್ವರ ನೆನಪು ಮತ್ತು ಯೋಚನಾಶಕ್ತಿ, ತಲೆಗೆ ಮಧ್ಯಮ ಪೆಟ್ಟು ಬಿದ್ದವರ ಮಟ್ಟಕ್ಕೆ ಇಳಿದಿತ್ತು. ಕಿರಿಯರೂ ಇದರಿಂದ ಹೊರತಾಗಿರಲಿಲ್ಲ, ಆದ್ದರಿಂದ ‘ವಯಸ್ಸಾಯಿತು’ ಎಂದು ತಳ್ಳಿಹಾಕುವಂತಿಲ್ಲ. ಕೆಲಸಕ್ಕೆ ಮರಳುವವರಿಗೆ ಮೊದಲು ಕಡಿಮೆ ಗಂಟೆ, ಸರಳ ಲೆಕ್ಕ, ಬರೆದಿಟ್ಟ ಸೂಚನೆಗಳು ನೆರವಾಗುತ್ತವೆ.

‘ಆ ದಿನಗಳನ್ನು ನೆನಪಿಸಲೇಬಾರದು’ ಎಂಬ ಮಾತೂ ಪೂರ್ತಿ ಸರಿಯಲ್ಲ. ಸನ್ನಿಯಲ್ಲಿ ಕಂಡದ್ದು, ನರ್ಸ್ ಕೊಲ್ಲಲು ಬಂದಂತೆ ಅನಿಸಿದ್ದು, ನಿಜವಾದ ನೆನಪಿನಂತೆಯೇ ಉಳಿದುಬಿಡುತ್ತದೆ. ನಡೆದದ್ದೇನೆಂದು ಯಾರೂ ಹೇಳದಿದ್ದರೆ ಆ ಭಯ ಒಳಗೇ ಬೆಳೆಯಬಹುದು. ಸ್ಕ್ಯಾಂಡಿನೇವಿಯಾದ ಆಸ್ಪತ್ರೆಗಳಲ್ಲಿ ನರ್ಸ್‌ಗಳೂ ಮನೆಯವರೂ ದಿನದಿನದ ಘಟನೆ ಬರೆದಿಟ್ಟು ರೋಗಿಗೆ ಕೊಡುವ ಪದ್ಧತಿ ಬೆಳೆದದ್ದು ಇದಕ್ಕಾಗಿಯೇ. ಇಂಥ ದಿನಚರಿಯೊಂದರಿಂದಲೇ ಆಘಾತದ ಲಕ್ಷಣಗಳು ಕಡಿಮೆಯಾಗಲಿಲ್ಲ ಎಂದು 2019ರ ಫ್ರಾನ್ಸಿನ ಪ್ರಯೋಗ ತಿಳಿಸಿದೆ. ಆದರೂ ಕಳೆದುಹೋದ ದಿನಗಳ ಕಥೆಯನ್ನು ರೋಗಿ ಕೇಳಿದಾಗ ನಿಜವನ್ನು ಸಮಾಧಾನದಿಂದ ಹೇಳುವುದೇ ಸರಿ. ನಿದ್ದೆಗೆಟ್ಟು ಕಾದ ಮನೆಯವರಲ್ಲೂ ಖಿನ್ನತೆ, ಆತಂಕ ಕಾಣಿಸಿಕೊಳ್ಳುತ್ತವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲುರಾತ್ರಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಔಷಧಗಳ ಬಗ್ಗೆಯೂ ಒಂದು ತಪ್ಪು ಎಣಿಕೆಯಿದೆ: ಆಸ್ಪತ್ರೆಯ ಚೀಟಿಯಲ್ಲಿರುವುದೆಲ್ಲ ಕಾಯಂ ಎಂದು. ಐಸಿಯುನಲ್ಲಿ ಶುರುವಾದ ನಿದ್ದೆ ಮಾತ್ರೆ, ಆಮ್ಲ ತಗ್ಗಿಸುವ ಮಾತ್ರೆಗಳು ಅಗತ್ಯವಿಲ್ಲದಿದ್ದರೂ ಮುಂದುವರಿಯಬಹುದು. ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಬಿಪಿ ಮಾತ್ರೆ ಬಿಟ್ಟುಹೋಗಿರಬಹುದು. ತಾವಾಗಿಯೇ ನಿಲ್ಲಿಸದೆ, ಹಳೆಯ ಮತ್ತು ಹೊಸ ಪಟ್ಟಿಗಳೆರಡನ್ನೂ ವೈದ್ಯರ ಮುಂದಿಡಬೇಕು. ಐಸಿಯು ಬಿಟ್ಟ ಎರಡು ಮೂರು ತಿಂಗಳಿಗೆ ದೇಹ, ನೆನಪು, ಮನಸ್ಸು ಮೂರನ್ನೂ ಮತ್ತೆ ಪರೀಕ್ಷಿಸಬೇಕೆಂದು ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ 2009ರಿಂದಲೂ ಹೇಳುತ್ತಿದೆ. ಅಂಥ ಪ್ರತ್ಯೇಕ ಕ್ಲಿನಿಕ್ ಹತ್ತಿರದಲ್ಲಿಲ್ಲದಿದ್ದರೆ, ಡಿಸ್ಚಾರ್ಜ್ ಸಾರಾಂಶ ಹಿಡಿದು ಕುಟುಂಬ ವೈದ್ಯರ ಬಳಿ ಹೋಗಿ ಇದೇ ಮೂರನ್ನು ಕೇಳಿ ನೋಡಿಸಬಹುದು.