ಮೂರು ವರ್ಷದ ಯುದ್ಧ, ಹನ್ನೊಂದು ವರ್ಷದ ನಗೆ

ಕೊರಿಯಾ ಯುದ್ಧ ನಡೆದದ್ದು 1950ರ ಜೂನ್‌ನಿಂದ 1953ರ ಜುಲೈವರೆಗೆ. ಅದನ್ನಾಧರಿಸಿದ ಅಮೆರಿಕದ ಹಾಸ್ಯ ಧಾರಾವಾಹಿ ‘ಮ್ಯಾಶ್’ 1972ರಿಂದ 1983ರವರೆಗೆ ಪ್ರಸಾರವಾಯಿತು. ಹೀಗೆ ಹಿಗ್ಗಿಸಿದಾಗ ಲೆಕ್ಕ ತಪ್ಪುವುದು ಸಹಜವೇ. ಕರ್ನಲ್ ಪಾಟರ್ ಸೇನಾ ಆಸ್ಪತ್ರೆಯ ಅಧಿಕಾರ ವಹಿಸಿಕೊಂಡದ್ದು 1952ರ ಸೆಪ್ಟೆಂಬರ್‌ನಲ್ಲಿ. ಮುಂದೊಂದು ಕಂತಿನಲ್ಲಿ ಅವರೇ 1951ರ ಹೊಸ ವರ್ಷವನ್ನು ಅಲ್ಲಿ ಸ್ವಾಗತಿಸುತ್ತಾರೆ! ವೈದ್ಯ ಹಾಕೈಗೆ ಆರಂಭದಲ್ಲಿ ತಾಯಿಯೂ ಸೋದರಿಯೂ ಇದ್ದರು. ಬಳಿಕ ಆತ ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡ ಒಬ್ಬನೇ ಮಗ.

ಸರ್ಕಾರಿ ಕಡತದಲ್ಲಾದರೆ ಇದಕ್ಕೆ ವಿವರಣೆ ಕೇಳಬೇಕಾಗುತ್ತಿತ್ತು. ಆದರೆ ಧಾರಾವಾಹಿ ಆರಂಭವಾದಾಗ ವಿಯೆಟ್ನಾಂ ಯುದ್ಧ ಇನ್ನೂ ನಡೆದಿತ್ತು. ಕೊನೆ ಕಾಣದ ಕಾಳಗದಲ್ಲಿ ಸಿಲುಕಿದವರಿಗೆ ಪಂಚಾಂಗವೆಲ್ಲಿ? ದಿನಾಂಕ ಸುಳ್ಳಾದರೂ ಆ ದಣಿವು ಸುಳ್ಳಲ್ಲ. ಕೊರಿಯಾದಲ್ಲಿ 1953ರಲ್ಲಿ ಆದದ್ದು ಕದನವಿರಾಮ ಮಾತ್ರ. ಶಾಂತಿ ಒಪ್ಪಂದ ಇಂದಿಗೂ ಆಗಿಲ್ಲ. ಆ ಯುದ್ಧದ ಲೆಕ್ಕವನ್ನು ಚರಿತ್ರೆಯೂ ಮುಗಿಸಿಲ್ಲ.